ಲಾ ಓದಲು ರಾಜ್ಯಶಾಸ್ತ್ರವೇ ಬೇಕೆಂದಿಲ್ಲ

ಬ್ರಹ್ಮಗಿರಿ ಸುತ್ತಲಿನ ಹಳ್ಳಿಗಳ ಮಕ್ಕಳು ಪದವಿಯ ನಡುವೆ ಕಾಲೇಜು ಬದಲಿಸಿ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೊರಟರೆ, ‘ಮುಂದೆ ಲಾ ಓದಬೇಕಲ್ಲ, ರಾಜ್ಯಶಾಸ್ತ್ರವನ್ನೇ ತಗೋ’ ಎಂದು ಒತ್ತಾಯಿಸುವವರೇ ಹೆಚ್ಚು. ಆದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ನೋಡುವುದು ಅಂಕಗಳನ್ನು: ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಪರಿಶಿಷ್ಟರಿಗೆ ಶೇ 40. ಒಲಿದ ವಿಷಯ ಬಿಟ್ಟು ಒಲ್ಲದ್ದನ್ನು ಹಿಡಿದರೆ ಈ ಅಂಕಗಳಿಗೇ ಕುತ್ತು. ನನ್ನ ಒಲವು ಇತಿಹಾಸ, ಕನ್ನಡದತ್ತ. ಅಶೋಕನ ಶಾಸನವಿರುವ ನೆಲದವರು ನಾವು. ಬರಹವನ್ನು ಸಾಕ್ಷ್ಯವಾಗಿ ಓದುವುದನ್ನು ಇತಿಹಾಸ ಕಲಿಸುತ್ತದೆ. ಪಹಣಿ, ಕ್ರಯಪತ್ರ, ಪೊಲೀಸ್ ದೂರು ಎಲ್ಲವೂ ಕನ್ನಡದಲ್ಲೇ ಇರುವ ನಮ್ಮ ಕಡೆ ಭಾಷೆ ಬಲ್ಲ ವಕೀಲರು ಬೇಕು. ಕಾಲೇಜುಗಳು ಪ್ರವೇಶದ ದಿನವೇ ಮಕ್ಕಳಿಗೆ ಎಲ್‌ಎಲ್‌ಬಿಯ ಈ ನಿಯಮ ತಿಳಿಸಲಿ.
– ಓರ್ವ ಓದುಗ, ಮೊಳಕಾಲ್ಮೂರು