ಮಂಗಳದ ಹೊತ್ತಿಗೆ ಒಂಟಿಯಾಗಿ ನಿಂತವರು

ಕಾಲೇಜೊಂದರ ವಾರ್ಷಿಕೋತ್ಸವಕ್ಕೆಂದು ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕವನ್ನು ಅಭ್ಯಾಸ ಮಾಡಿಸುತ್ತಿರುವ ಅಧ್ಯಾಪಕ ಮಿತ್ರರೊಬ್ಬರು ಈಚೆಗೆ ನಮಗೊಂದು ಕಾಗದ ಬರೆದಿದ್ದರು. ಕೊನೆಯ ದೃಶ್ಯದ ಅಭ್ಯಾಸ ನಡೆದಿದ್ದಾಗ ಆಂಟೋನಿಯೋ ಪಾತ್ರದ ಹುಡುಗ ಅವರ ಬಳಿಗೆ ಬಂದು, “ಸಾರ್, ಎಲ್ಲರಿಗೂ ಮದುವೆಯಾಯಿತು. ನಾನು ಎಲ್ಲಿ ನಿಲ್ಲಲಿ?” ಎಂದು ಕೇಳಿದನಂತೆ. ಉಳಿದವರು ನಕ್ಕರು. ಒಲಿವಿಯಾಳ ಸಖಿಯರಲ್ಲಿ ಒಬ್ಬಳನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸಿಬಿಡೋಣವೆಂದು ಯಾರೋ ಸೂಚಿಸಿದರು. ಸೂಚನೆ ಎಲ್ಲರಿಗೂ ಒಪ್ಪಿಗೆಯಾಯಿತು. ಅಧ್ಯಾಪಕರಿಗೆ ಮಾತ್ರ ಅದು ಸರಿಯೆನಿಸಲಿಲ್ಲ. ಏಕೆ ಸರಿಯಲ್ಲವೆಂದು ಹೇಳುವುದಕ್ಕೂ ಆ ಹೊತ್ತಿಗೆ ತೋಚಲಿಲ್ಲ. ನಮ್ಮ ಅಭಿಪ್ರಾಯವೇನೆಂದು ಕೇಳಿದ್ದಾರೆ.

ಹುಡುಗನ ಪ್ರಶ್ನೆ ನಕ್ಕು ಮರೆಯತಕ್ಕದ್ದಲ್ಲ. ಪ್ರಣಯವನ್ನು ವಸ್ತುವಾಗಿ ಉಳ್ಳ ಹರ್ಷನಾಟಕ ವಿವಾಹದಲ್ಲಿ ಮುಗಿಯಬೇಕೆಂಬುದು ಬಹು ಹಳೆಯ ಸಂಪ್ರದಾಯ. ಅದರ ಮೇಲೆ ನಮಗೆ ಹಗೆಯಿಲ್ಲ. ಎರಡು ಮೂರು ಗಂಟೆಗಳ ಕಾಲ ನಾಯಕ ನಾಯಿಕೆಯರ ತೊಡಕುಗಳನ್ನು ಕಂಡು ತಳಮಳಿಸಿದ ಪ್ರೇಕ್ಷಕ ಕೊನೆಗೆ ಅವರು ಕೈಹಿಡಿದುದನ್ನು ನೋಡಿ ನೆಮ್ಮದಿಯಿಂದ ಮನೆಗೆ ಹೋಗಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನು? ಆದರೆ ನಾಯಕ ನಾಯಿಕೆಯರು ಕೂಡಲಿ ಎನ್ನುವುದು ಬೇರೆ, ರಂಗದ ಮೇಲಿರುವ ಒಬ್ಬರೂ ಒಂಟಿಯಾಗಿ ಉಳಿಯಕೂಡದು ಎನ್ನುವುದು ಬೇರೆ. ಮೊದಲನೆಯದು ಕಥೆಯ ಬಯಕೆ. ಎರಡನೆಯದು ತಲೆ ಎಣಿಸುವ ಲೆಕ್ಕ.

ಆಂಟೋನಿಯೋ ಯಾರು? ಕಡಲಿನ ಪಾಲಾಗುತ್ತಿದ್ದ ಸೆಬಾಸ್ಟಿಯನ್‌ನನ್ನು ಬದುಕಿಸಿದವನು. ಮೂರು ತಿಂಗಳು ಅವನ ಸಂಗ ಬಿಡದೆ ಇದ್ದು, ಇಲಿರಿಯಾದಲ್ಲಿ ತನಗೆ ಅಪಾಯವಿದೆಯೆಂದು ತಿಳಿದೂ ಅವನ ಹಿಂದೆಯೇ ಬಂದವನು. ಊರು ನೋಡಲು ಹೊರಟ ಗೆಳೆಯನ ಕೈಗೆ ತನ್ನ ಹಣದ ಚೀಲವನ್ನೇ ಕೊಟ್ಟವನು. ಗಂಡುಡುಗೆಯಲ್ಲಿದ್ದ ವಯೋಲಳನ್ನು ಸೆಬಾಸ್ಟಿಯನ್ ಎಂದು ಭ್ರಮಿಸಿ ಅವಳಿಗಾಗಿ ಕತ್ತಿ ಹಿರಿದು ಸೆರೆಸಿಕ್ಕುತ್ತಾನೆ. ಅವಳು ತನ್ನನ್ನು ಅರಿಯೆನೆಂದಾಗ ಗೆಳೆಯನೇ ದ್ರೋಹ ಬಗೆದನೆಂದು ಕುದಿಯುತ್ತಾನೆ. ಕಡೆಯ ಅಂಕದಲ್ಲಿ ಅವಳಿ ಅಣ್ಣ ತಂಗಿಯರು ಎದುರುಬದುರಾಗಿ ನಿಂತಾಗ, ಇವರಲ್ಲಿ ಸೆಬಾಸ್ಟಿಯನ್ ಯಾರೆಂದು ಬೆರಗಿನಿಂದ ಕೇಳುತ್ತಾನೆ. ಅದೇ ಅವನ ಕೊನೆಯ ಮಾತು. ಆಮೇಲೆ ಕವಿ ಅವನಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಅವನನ್ನು ಸೆರೆಯಿಂದ ಬಿಟ್ಟರೆಂದು ಯಾರ ಬಾಯಿಂದಲೂ ಹೇಳಿಸಿಲ್ಲ. ಇಡೀ ನಾಟಕದಲ್ಲಿ ಒಲವಿಗಾಗಿ ಪ್ರಾಣವನ್ನು ಪಣಕ್ಕಿಟ್ಟವನು ಇವನು. ಇಂಥವನ ಕೈಗೆ ಹೆಸರಿಲ್ಲದ ಸಖಿಯೊಬ್ಬಳನ್ನು ಒಪ್ಪಿಸಿ ‘ನಿನಗೂ ಆಯಿತು’ ಎಂದರೆ ಅವನ ಒಲವಿಗೂ ಅವಮಾನ, ಆ ಸಖಿಗೂ ಅವಮಾನ.

ಅವನೊಬ್ಬನೇ ಅಲ್ಲ. ಒಲಿವಿಯಾಳನ್ನು ವರಿಸುವ ಆಸೆಯಿಂದ ಹಣ ಕಳೆದುಕೊಂಡ ಸರ್ ಆಂಡ್ರೂ ತಲೆ ಒಡೆಸಿಕೊಂಡು ಹೋಗುತ್ತಾನೆ. ಕಳ್ಳ ಕಾಗದವೊಂದನ್ನು ನಂಬಿ ಹಳದಿ ಕಾಲುಚೀಲ ತೊಟ್ಟು ಕತ್ತಲ ಕೋಣೆ ಸೇರಿದ ಮಾಲ್ವೋಲಿಯೋ, ಎಲ್ಲರ ಮೇಲೂ ಸೇಡು ತೀರಿಸಿಕೊಳ್ಳುವೆನೆಂದು ಹೊರಟುಹೋಗುತ್ತಾನೆ. ಕಡೆಗೆ ರಂಗದ ಮೇಲೆ ಉಳಿಯುವವನು ವಿದೂಷಕ ಫೆಸ್ಟೆ. ಅವನು ಹಾಡುವುದು ಗಾಳಿ ಮಳೆಯ ಹಾಡು. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಸಭಾಂಗಣದಲ್ಲಿ ಈ ನಾಟಕವನ್ನು ನೋಡಿದ ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬ ನ್ಯಾಯಶಾಸ್ತ್ರದ ವಿದ್ಯಾರ್ಥಿ ತನ್ನ ದಿನಚರಿಯಲ್ಲಿ ವಿಶೇಷವಾಗಿ ಮೆಚ್ಚಿ ಬರೆದುಕೊಂಡದ್ದು ಮಾಲ್ವೋಲಿಯೋವನ್ನು ಮರುಳುಗೊಳಿಸಿದ ಪ್ರಸಂಗವನ್ನು. ದೊರೆ ಒಂದನೆಯ ಚಾರ್ಲ್ಸ್ ತನ್ನ ಪ್ರತಿಯಲ್ಲಿ ನಾಟಕದ ಹೆಸರಿನ ಪಕ್ಕದಲ್ಲಿಯೇ ‘ಮಾಲ್ವೋಲಿಯೋ’ ಎಂದು ಬರೆದಿಟ್ಟ. ಮದುವೆಯಾದವರನ್ನು ಬಿಟ್ಟು, ಮದುವೆಯಾಗದವನನ್ನೇ ಜನ ನೆನಪಿನಲ್ಲಿಟ್ಟುಕೊಂಡರಷ್ಟೆ.

ಇನ್ನೊಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ವಯೋಲಳ ಹೆಣ್ಣುಡುಗೆ ಇರುವುದು ಅವಳನ್ನು ದಡ ಸೇರಿಸಿದ ನಾವಿಕನ ಬಳಿ. ಆ ನಾವಿಕನಾದರೋ ಮಾಲ್ವೋಲಿಯೋ ಹೂಡಿದ ವ್ಯಾಜ್ಯದಿಂದಾಗಿ ಸೆರೆಯಲ್ಲಿದ್ದಾನೆ. ಆದುದರಿಂದಲೇ ಮುನಿದು ಹೋದವನನ್ನು ಸಮಾಧಾನಪಡಿಸಿ ಕರೆತನ್ನಿರೆಂದು ಆರ್ಸಿನೋ ಆಳುಗಳನ್ನು ಅಟ್ಟುತ್ತಾನೆ. ನಾಟಕ ಮುಗಿಯುವಾಗ ವಯೋಲ ಇನ್ನೂ ಗಂಡುಡುಗೆಯಲ್ಲಿಯೇ ಇದ್ದಾಳೆ. ಅವಳ ಮದುವೆ ಇನ್ನೂ ಆಗಿಲ್ಲ. ಚಪ್ಪರದ ಹೊರಗೆ ನಿಂತವನ ಮನಸ್ಸು ತಿಳಿಯಾಗುವವರೆಗೆ ಒಳಗಿನ ಮಂಗಳ ಪೂರ್ತಿಯಾಗದೆಂಬುದನ್ನು ಕವಿ ಇಷ್ಟು ಸರಳವಾಗಿ, ಒಂದು ಜೊತೆ ಬಟ್ಟೆಯ ನೆಪದಿಂದ ಕಟ್ಟಿಟ್ಟಿದ್ದಾನೆ.

ಎಲ್ಲರನ್ನೂ ಜೋಡಿಮಾಡುವ ಕಲೆ ಅವನಿಗೆ ತಿಳಿಯದೆ ಇರಲಿಲ್ಲ. ‘ಆಸ್ ಯು ಲೈಕ್ ಇಟ್’ನಲ್ಲಿ ವಿವಾಹದೇವತೆಯನ್ನೇ ಕರೆಸಿ ಒಟ್ಟಿಗೆ ನಾಲ್ಕು ಮದುವೆ ಮಾಡಿಸುತ್ತಾನೆ. ತಮ್ಮನ ಕೊಲೆಗೆ ಹವಣಿಸಿದ್ದ ಆಲಿವರ್ ಕೂಡ ಕ್ಷಣಮಾತ್ರದಲ್ಲಿ ಒಳ್ಳೆಯವನಾಗಿ ಸೀಲಿಯಾಳ ಕೈಹಿಡಿಯುತ್ತಾನೆ. ಆ ಸಂಭ್ರಮದ ನಡುವೆ ಜೇಕ್ವಿಸ್ ಎಂಬೊಬ್ಬ, ಪ್ರಳಯದ ಹಡಗಿಗೆ ಜೋಡಿ ಜೋಡಿಯಾಗಿ ಬರುವ ಪ್ರಾಣಿಗಳಿಗೆ ಈ ದಂಪತಿಗಳನ್ನು ಹೋಲಿಸಿ, ಕುಣಿತಕ್ಕೆ ನಿಲ್ಲದೆ ಕಾಡಿನಲ್ಲಿಯೇ ಉಳಿಯುತ್ತಾನೆ. ತಾನು ಕಟ್ಟಿದ ತೋರಣವನ್ನು ತಾನೇ ನೋಡಿ ನಕ್ಕಂತಿದೆ, ಕವಿಯ ರೀತಿ.

ಅವನ ಮತ್ತೊಂದು ನಾಟಕ ‘ಲವ್ಸ್ ಲೇಬರ್ಸ್ ಲಾಸ್ಟ್’ 1598ರಲ್ಲಿ ಅಚ್ಚಾಯಿತು. ಮೂರು ವರ್ಷ ಹೆಣ್ಣಿನ ಮುಖ ನೋಡದೆ ವ್ಯಾಸಂಗ ಮಾಡುವೆವೆಂದು ಪ್ರತಿಜ್ಞೆ ತೊಟ್ಟ ನವಾರ್ ದೊರೆ, ಅವನ ಮೂವರು ಸಂಗಡಿಗರು; ಇತ್ತ ಫ್ರಾನ್ಸಿನ ರಾಜಕುಮಾರಿ, ಅವಳ ಮೂವರು ಸಖಿಯರು. ನಾಲ್ವರಿಗೆ ನಾಲ್ವರು; ಲೆಕ್ಕ ಮೊದಲೇ ಸರಿಹೋಗಿದೆ! ವಿನೋದ ತುತ್ತತುದಿಗೇರಿದ ಗಳಿಗೆಯಲ್ಲಿ ದೂತನೊಬ್ಬ ಬಂದು ರಾಜಕುಮಾರಿಯ ತಂದೆ ತೀರಿಕೊಂಡ ಸುದ್ದಿ ತರುತ್ತಾನೆ. ಹೆಣ್ಣುಗಳು ಒಂದು ವರ್ಷದ ಗಡು ಕೊಟ್ಟು ಹೊರಟುನಿಲ್ಲುತ್ತಾರೆ. ಕುಹಕದ ಮಾತಿನಲ್ಲಿ ಎತ್ತಿದ ಕೈ ಎನಿಸಿದ ಬಿರೋನ್‌ಗೆ ರೋಸಲೀನ್ ವಿಧಿಸಿದ ವ್ರತ ಎಂಥದು? ಆ ವರ್ಷವೆಲ್ಲ ಆಸ್ಪತ್ರೆಯಲ್ಲಿ ನರಳುವವರ ಬಳಿ ಕುಳಿತು ಅವರನ್ನು ನಗಿಸಬೇಕು. ನೋವಿನ ಮುಂದೆ ನಿಲ್ಲಲಾರದ ನಗೆ ನನಗೆ ಬೇಡವೆಂಬುದು ಅವಳ ಮಾತಿನ ತಾತ್ಪರ್ಯ. ಒಬ್ಬರಿಗೂ ಮದುವೆಯಾಗದ ಈ ನಾಟಕ ಹರ್ಷನಾಟಕವೇ ಎಂದು ಕೇಳುವವರಿಗೆ, ಈ ಒಂದು ವ್ರತ ಹತ್ತು ಮದುವೆಗಿಂತ ಹೆಚ್ಚು ಭರವಸೆಯದೆಂದು ನಾವು ಉತ್ತರ ಹೇಳುತ್ತೇವೆ.

ಜೋಡಿಮಾಡುವ ಆತುರದಲ್ಲಿ ನೋಯುವವರು ಸಾಮಾನ್ಯವಾಗಿ ಹೆಣ್ಣುಗಳು. ‘ಮೆಷರ್ ಫಾರ್ ಮೆಷರ್’ನ ಕೊನೆಯಲ್ಲಿ ಸನ್ಯಾಸಿನಿಯಾಗಲು ಹೊರಟಿದ್ದ ಇಸಬೆಲ್ಲಳನ್ನು ಡ್ಯೂಕ್ ಎರಡು ಸಲ ತನ್ನವಳಾಗೆಂದು ಕೇಳುತ್ತಾನೆ, ಅವಳಿಗೆ ಉತ್ತರವನ್ನೇ ಬರೆದಿಲ್ಲ. ಬಹುಕಾಲ ಆ ಮೌನವನ್ನು ಸಮ್ಮತಿಯೆಂದೇ ಎಣಿಸಿ ಆಡುತ್ತಿದ್ದರು. 1970ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಗೆ ನಾಟಕವಾಡಿಸಿದ ಜಾನ್ ಬಾರ್ಟನ್ ಅವಳನ್ನು ರಂಗದ ಮೇಲೆ ಒಬ್ಬಳನ್ನೇ ಬಿಟ್ಟರು. ಮೂಲದ ಒಂದಕ್ಷರವೂ ಬದಲಾಗಲಿಲ್ಲ, ನಾಟಕ ಬೇರೆಯಾಯಿತು. ನಮ್ಮ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿಯೂ ಹಿರಿಯ ರಾಣಿ ಧಾರಿಣಿ ತನ್ನ ಕೈಯಿಂದಲೇ ಮಾಲವಿಕೆಯನ್ನು ಅರಸನಿಗೆ ಒಪ್ಪಿಸುತ್ತಾಳೆ. ಮುನಿದಿದ್ದ ಕಿರಿಯ ರಾಣಿ ಇರಾವತಿ ಆ ಮಂಗಳದ ಹೊತ್ತಿಗೆ ರಂಗಕ್ಕೆ ಬರುವುದೇ ಇಲ್ಲ. ಅವಳನ್ನು ನೆನೆಯುತ್ತ ಭರತವಾಕ್ಯವನ್ನು ಕೇಳಿದವರಿಗೆ ಅದರ ಧ್ವನಿ ಸ್ವಲ್ಪ ಬೇರೆಯಾಗಿಯೇ ಕೇಳಿಸುತ್ತದೆ.

ಪ್ರೇಕ್ಷಕರ ಹಟ ಎಷ್ಟು ಬಲವಾದದ್ದೆಂಬುದಕ್ಕೆ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕಕ್ಕಿಂತ ಸಾಕ್ಷಿ ಬೇಡ. ಹೂ ಮಾರುವ ಎಲೈಜಳಿಗೆ ಮಾತು ಕಲಿಸಿದ ಹಿಗಿನ್ಸ್, ಅವಳು ಅವನನ್ನು ಬಿಟ್ಟು ಹೊರಡುವುದು — ಷಾ ಬರೆದದ್ದು ಇಷ್ಟು. 1914ರಲ್ಲಿ ಲಂಡನ್ನಿನಲ್ಲಿ ಹಿಗಿನ್ಸ್ ಪಾತ್ರ ವಹಿಸಿದ ಬೀರ್‌ಬೋಮ್ ಟ್ರೀ, ಕೊನೆಯಲ್ಲಿ ಎಲೈಜಳತ್ತ ಹೂಗೊಂಚಲು ಎಸೆದು, ಇನ್ನೇನು ಮದುವೆಯೆಂಬಂತೆ ಮಾಡಿದ. ಷಾ ಕೆರಳಿ, 1916ರ ಪುಸ್ತಕಕ್ಕೆ ಉದ್ದನೆಯ ಹಿನ್ನುಡಿ ಸೇರಿಸಿ, ಅವಳು ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದು ವಿವರಿಸಿದ. ಕೇಳಿದವರಾರು? 1938ರ ಚಲನಚಿತ್ರದಲ್ಲಿ ಅವಳು ಹಿಗಿನ್ಸನ ಮನೆಗೆ ಹಿಂತಿರುಗಿದಳು. 1956ರ ‘ಮೈ ಫೇರ್ ಲೇಡಿ’ಯಲ್ಲಿಯೂ ಹಿಂತಿರುಗಿದಳು. ಒಂದು ಮಾತನ್ನು ಹೇಳಲೇಬೇಕು: ಹಿಗಿನ್ಸನಿಂದ ಬಿಡಿಸಲು ಷಾ ಕೂಡ ಅವಳನ್ನು ಫ್ರೆಡ್ಡಿಗೆ ಕಟ್ಟಬೇಕಾಯಿತು. ಒಬ್ಬಳೇ ಅಂಗಡಿ ನಡೆಸಿದಳೆಂದು ಬರೆಯುವ ಧೈರ್ಯ ಆ ಕಲಿಗೂ ಬರಲಿಲ್ಲ.

ಚಲನಚಿತ್ರಗಳ ಪಾಡೂ ಇದೇ. 1994ರ ‘ಫೋರ್ ವೆಡಿಂಗ್ಸ್ ಅಂಡ್ ಎ ಫ್ಯೂನರಲ್’ನಲ್ಲಿ ಬಹುಕಾಲದಿಂದ ನಾಯಕನನ್ನು ಒಳಗೊಳಗೇ ಪ್ರೀತಿಸುತ್ತಿದ್ದ ಫಿಯೋನಾ, ಅದನ್ನು ಅವನಿಗೆ ಹೇಳಿ ಸುಮ್ಮನಾಗುವ ದೃಶ್ಯ ಮರೆಯುವಂಥದಲ್ಲ. ಆದರೆ ಕಡೆಯಲ್ಲಿ ಬರುವ ಭಾವಚಿತ್ರಗಳ ಸಾಲಿನಲ್ಲಿ ಉಳಿದವರೆಲ್ಲ ಜೋಡಿಯಾದ ಮೇಲೆ ಅವಳನ್ನೊಬ್ಬಳನ್ನು ಬಿಡಲಾರದೆ, ತಮಾಷೆಗೆಂದು ಇಂಗ್ಲೆಂಡಿನ ಯುವರಾಜನ ಪಕ್ಕದಲ್ಲಿ ನಿಲ್ಲಿಸಿದರು. ಅದಕ್ಕೆ 41 ವರ್ಷ ಮೊದಲು, 1953ರ ‘ರೋಮನ್ ಹಾಲಿಡೇ’ಯಲ್ಲಿ, ರಾಜಕುಮಾರಿ ತನ್ನ ಕರ್ತವ್ಯಕ್ಕೆ ಮರಳಿದ ಮೇಲೆ ಪತ್ರಕರ್ತ ಬರಿದಾದ ಸಭಾಂಗಣದಿಂದ ಒಬ್ಬನೇ ಹೊರನಡೆಯುತ್ತಾನೆ. ಯಾವುದು ಹೆಚ್ಚು ಕಾಲ ಮನಸ್ಸಿನಲ್ಲಿ ನಿಂತಿತೆಂಬುದನ್ನು ಎರಡನ್ನೂ ನೋಡಿದವರು ಹೇಳಲಿ. ಹಾಗೆಂದು ಹೊಸತನದ ಹೆಸರಿನಲ್ಲಿ ಕೂಡಬೇಕಾದವರನ್ನು ಅಗಲಿಸಿ ಬೀಗುವವರ ಪರ ನಾವು ವಕಾಲತ್ತು ವಹಿಸುವುದಿಲ್ಲ. ಅದೂ ತಲೆ ಎಣಿಸುವ ಲೆಕ್ಕವೇ. ಕೂಡುವುದರ ಬದಲು ಕಳೆದರು, ಅಷ್ಟೆ.

ಮಿತ್ರರಿಗೆ ನಾವು ಉತ್ತರ ಬರೆದಿದ್ದೇವೆ. ಸಖಿ ತನ್ನ ಸ್ಥಳದಲ್ಲಿಯೇ ಇರಲಿ; ಆಂಟೋನಿಯೋ ಮೂಲದಲ್ಲಿರುವಂತೆ ಕಾವಲಿನವರ ನಡುವೆ ನಿಂತಿರಲಿ. ಒಲಿವಿಯಾಳೊಡನೆ ಒಳಕ್ಕೆ ಹೋಗುವಾಗ ಸೆಬಾಸ್ಟಿಯನ್ ಒಮ್ಮೆ ತಿರುಗಿ ಅವನನ್ನು ನೋಡಬೇಕೇ ಬೇಡವೇ ಎಂಬುದನ್ನು ಆ ಇಬ್ಬರು ಹುಡುಗರೇ ಕೂಡಿ ತೀರ್ಮಾನಿಸಲಿ.