ಹೇಳುವವರು, ಬರೆಯುವವರು

ಮಕ್ಕಳೇ, ನನ್ನ ಮೊಮ್ಮಗಳ ತರಗತಿಯಲ್ಲಿ ಹೋದ ವಾರ ಗೋಡೆ ಪತ್ರಿಕೆ ಮಾಡಲು ಹೇಳಿದ್ದರು. ಇವಳೇ ಸಂಪಾದಕಿ! ವರದಿಗಾರರ ಪಟ್ಟಿ ಬರೆಯುತ್ತಾ ಕುಳಿತವಳು ಒಂದು ಹೆಸರನ್ನು ಹೊಡೆದುಹಾಕಿದಳು. "ಯಾಕಮ್ಮ?" ಎಂದೆ.

"ಅವನಿಗೆ ಊರ ಸುದ್ದಿಯೆಲ್ಲ ಗೊತ್ತು ತಾತ. ಆದ್ರೆ ಒಂದು ಸಾಲು ಬರೆದ್ರೆ ಮೂರು ತಪ್ಪು. ಅವನು ಹೇಗೆ ವರದಿಗಾರ ಆಗ್ತಾನೆ?"

ಆಗ ಅವಳಿಗೆ ದೆಹಲಿಯ ಒಂದು ಪತ್ರಿಕೆಯ ವಿಷಯ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ.

ಅದರ ಹೆಸರು 'ಬಾಲಕ್‌ನಾಮಾ'. 2003ರಲ್ಲಿ ಶುರುವಾದ ಎಂಟು ಪುಟದ ಹಿಂದಿ ಪತ್ರಿಕೆ. ಚಿಂದಿ ಆಯುವ, ರಸ್ತೆಯಲ್ಲಿ ಸಾಮಾನು ಮಾರುವ, ರೈಲು ನಿಲ್ದಾಣದಲ್ಲೇ ಮಲಗುವ ಮಕ್ಕಳೇ ಅದರ ವರದಿಗಾರರು. ಬೀದಿಯಲ್ಲಿ ದುಡಿದು ಬೆಳೆದವರೇ ಸಂಪಾದಕರೂ ಆಗಿದ್ದಾರೆ. 'ಚೇತನಾ' ಎಂಬ ಸ್ವಯಂಸೇವಾ ಸಂಸ್ಥೆ ಅವರ ಬೆನ್ನಿಗೆ ನಿಂತಿದೆ. ಸುದ್ದಿ ಹುಡುಕುವುದು, ಪ್ರಶ್ನೆ ಕೇಳುವುದು, ಕೇಳಿದ್ದನ್ನು ಬರೆಯುವುದು, ಎಲ್ಲವನ್ನೂ ಮಕ್ಕಳು ಅಲ್ಲಿ ಕಲಿಯುತ್ತಾರೆ.

ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದ ಮಕ್ಕಳು ಬರೆಯುವುದು ಹೇಗೆ? ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಬರೆಯಲು ಬಾರದವರು 'ಬಾತೂನಿ' ವರದಿಗಾರರು. ಬಾತೂನಿ ಎಂದರೆ ಮಾತಿನಮಲ್ಲ. ಅವರು ಕಂಡದ್ದನ್ನು ಬಾಯಲ್ಲಿ ಹೇಳುತ್ತಾರೆ, ಬರೆಯಬಲ್ಲ ಮಕ್ಕಳು ಕೇಳಿ ಬರೆದುಕೊಳ್ಳುತ್ತಾರೆ. ರೈಲು ಹಳಿಯ ಮೇಲೆ ಸತ್ತವರ ದೇಹಗಳನ್ನು ಎತ್ತಲು ಪೊಲೀಸರು ಮಕ್ಕಳನ್ನು ಬಳಸುತ್ತಾರೆ ಎಂಬ ಸುದ್ದಿಯನ್ನು ಈ ಪುಟ್ಟ ಪತ್ರಿಕೆ ಹಾಕಿತು. ಆಮೇಲೆ ದೊಡ್ಡ ಪತ್ರಿಕೆಗಳೂ ಅದನ್ನು ಬರೆದವು. ಅಂಥ ಸಂಗತಿಯನ್ನು ಅಲ್ಲೇ ಬದುಕುವ ಮಕ್ಕಳಲ್ಲದೆ ಬೇರೆ ಯಾರು ಹೇಳಿಯಾರು?

ಇದನ್ನು ಹೇಳುವಾಗ ನನ್ನ ಬ್ಯಾಂಕಿನ ದಿನಗಳು ನೆನಪಾದವು. ಹೆಬ್ಬೆಟ್ಟು ಒತ್ತುವವರಿಗೆ ಚೀಟಿ, ಅರ್ಜಿ ಬರೆದುಕೊಡುವುದು ನನಗೆ ನಿತ್ಯದ ಕೆಲಸ. ಒಂದು ದಿನ ಒಬ್ಬ ಅಜ್ಜಿ ಬಂದು, ಪಾಸ್‌ಬುಕ್ ಇಲ್ಲ, ಹೊಸದು ಬೇಕು ಎಂದರು. ಕೌಂಟರಿನ ಮುಂದೆ ದೊಡ್ಡ ಸಾಲು. ಮುಂದೆ ಕೇಳದೆ, 'ಪಾಸ್‌ಬುಕ್ ಕಳೆದುಹೋಗಿದೆ' ಎಂದು ಎಲ್ಲರಿಗೂ ಬರೆಯುವಂತೆ ಬರೆದು, ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟೆ.

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. "ಏನು ಬರೆದ್ರಿ, ಓದಿ ಸ್ವಾಮಿ."

ಓದಿದೆ. "ಕಳೆದಿಲ್ಲ. ನನ್ನ ಮಗ ಕಿತ್ಕೊಂಡು ಇಟ್ಕೊಂಡವ್ನೆ. ಅದನ್ನ ಬರೀರಿ" ಎಂದರು. ಮಗನ ಮೇಲೆ ಹೇಳುವಾಗ ಅವರ ದನಿ ನಡುಗುತ್ತಿತ್ತು.

ಆ ಕಾಗದ ಹರಿದು, ಅವರು ಹೇಳಿದಂತೆಯೇ ಬರೆದೆ. ಮ್ಯಾನೇಜರ್ ಅದನ್ನು ಓದಿ, ಅಜ್ಜಿ ಖುದ್ದಾಗಿ ಬಂದರೆ ಮಾತ್ರ ಹಣ ಕೊಡಬೇಕು ಎಂದು ಲೆಡ್ಜರಿನಲ್ಲಿ ಬರೆಸಿದರು. ನನ್ನ ಮೊದಲ ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ವಿಷಯವೇ ತಪ್ಪಾಗಿತ್ತು. ಆ ದಿನದಿಂದ ನಿವೃತ್ತನಾಗುವವರೆಗೆ, ಬರೆದದ್ದನ್ನು ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಡೆದುಹಾಕಿದ ಹೆಸರನ್ನು ಮತ್ತೆ ಬರೆದಳು. ಮರುದಿನ ಆ ಹುಡುಗ ಹೇಳಿದ, ಇವಳು ಬರೆದುಕೊಂಡಳು. ಶಾಲೆಯ ಹಿಂದಿನ ನಲ್ಲಿ ತಿಂಗಳಿಂದ ಸೋರುತ್ತಿದೆ, ಅಲ್ಲಿ ಜಾರಿ ಇಬ್ಬರು ಪುಟ್ಟ ಮಕ್ಕಳು ಬಿದ್ದಿದ್ದಾರೆ ಎಂಬ ಸುದ್ದಿ. ಇವಳು 'ಮೂವರು' ಎಂದು ಬರೆದಿದ್ದಳಂತೆ. ಓದಿ ಹೇಳಿದಾಗ ಅವನೇ ತಿದ್ದಿದನಂತೆ.

ನಲ್ಲಿ ಇನ್ನೂ ರಿಪೇರಿಯಾಗಿಲ್ಲ. ಆದರೆ ಹೆಡ್‌ಮಾಸ್ಟರು ಗೋಡೆಯ ಮುಂದೆ ನಿಂತು ಓದಿದ್ದಾರೆ.

ಈ ವಾರ ನೀವೂ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಬರೆಯಲು ಬಾರದ ಒಬ್ಬರ ಬಳಿ ಕುಳಿತು, ಅವರು ಹೇಳುವ ಸುದ್ದಿ ಬರೆದುಕೊಳ್ಳಿ. ಕೊನೆಗೆ ಅದನ್ನು ಅವರಿಗೇ ಓದಿ ಹೇಳಲು ಮಾತ್ರ ಮರೆಯಬೇಡಿ.