ತೊಟ್ಲಕೊಂಡದ ಕಳೆ, ನಮ್ಮ ನವೆಂಬರ್

ಹೊರನಾಡ ಕನ್ನಡಿಗರ ನವೆಂಬರ್ ಭಾಷಣಗಳಲ್ಲಿ, ಅದರಲ್ಲಿಯೂ ಆಂಧ್ರದ ಕರಾವಳಿಯ ನಮ್ಮಂಥ ಸಂಘಗಳಲ್ಲಿ, ಎರಡು ಮಾತುಗಳು ತಪ್ಪದೆ ಬರುತ್ತವೆ. ವೆಂಗಿಯ ಚಾಳುಕ್ಯ ವಂಶದ ಮೂಲಪುರುಷ ಕುಬ್ಜ ವಿಷ್ಣುವರ್ಧನನು ಇಮ್ಮಡಿ ಪುಲಕೇಶಿಯ ತಮ್ಮನೆಂಬುದು ಒಂದು. ಪಂಪನ ಪೂರ್ವಿಕರು ವೆಂಗಿನಾಡಿನವರೆಂಬುದು ಇನ್ನೊಂದು. ಎರಡೂ ನಿಜ. ಆದರೆ ಈ ನೆಲದ ನಂಟನ್ನು ವಂಶಾವಳಿಯಲ್ಲಿ ಮಾತ್ರ ಹುಡುಕುವ ನಾವು, ಇಲ್ಲಿನ ಒಂದು ಸ್ಮಾರಕದ ಅಂಗಳವನ್ನಾದರೂ ಗುಡಿಸಿದ್ದೇವೆಯೇ?

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ಕಡಲದಾರಿಯ ಪಕ್ಕದಲ್ಲಿರುವ ತೊಟ್ಲಕೊಂಡವನ್ನೇ ನೋಡಿ. ನೌಕಾನೆಲೆಗಾಗಿ 1970ರ ದಶಕದಲ್ಲಿ ನಡೆದ ವೈಮಾನಿಕ ಸಮೀಕ್ಷೆಯಿಂದ ಬೆಳಕಿಗೆ ಬಂದ ಈ ಬೌದ್ಧ ನೆಲೆಯನ್ನು ರಾಜ್ಯದ ಪುರಾತತ್ತ್ವ ಇಲಾಖೆ 1988ರಿಂದ 1993ರವರೆಗೆ ಉತ್ಖನನ ಮಾಡಿತು. ಸ್ತೂಪ, ಚೈತ್ಯ, ವಿಹಾರಗಳ ಜೊತೆಗೆ ಶಾತವಾಹನರ ಹಾಗೂ ರೋಮಿನ ನಾಣ್ಯಗಳೂ ದೊರೆತವು. ಮಳೆನೀರು ಹಿಡಿಯಲು ಭಿಕ್ಷುಗಳು ಬಂಡೆಯಲ್ಲಿ ಕೊರೆದ ತೊಟ್ಟಿಗಳಿಂದಲೇ ಬೆಟ್ಟಕ್ಕೆ ಈ ಹೆಸರು. ಕನ್ನಡಿಗನಿಗೆ ಅರ್ಥ ಹೇಳಿಕೊಡಬೇಕಾಗಿಯೇ ಇಲ್ಲ!

ಇಂಥಲ್ಲಿ ಸ್ವಯಂಸೇವಕನ ಕೆಲಸವೇನು? ಜೀರ್ಣೋದ್ಧಾರವೆಂದ ಕೂಡಲೇ ನಮಗೆ ಇಟ್ಟಿಗೆ, ಸಿಮೆಂಟು, ಸುಣ್ಣ ನೆನಪಾಗುತ್ತವೆ. ಅದು ಅಪಾಯದ ಉತ್ಸಾಹ. ತಜ್ಞರ ಉಸ್ತುವಾರಿಯಿದ್ದ ಇಲಾಖೆಯೇ ಮರಳಿ ಕಟ್ಟಿಸಿದ ಮಹಾಸ್ತೂಪದ ಒಂದು ಭಾಗ 2019ರ ಅಕ್ಟೋಬರ್ ಮಳೆಗೆ ಕುಸಿಯಿತು. ಹೀಗಿರುವಾಗ ಭಾನುವಾರದ ಭಕ್ತರು ಕರಣೆ ಹಿಡಿಯುವುದು ಬೇಡ. ನಮ್ಮದು ಅದಕ್ಕಿಂತ ಸಣ್ಣ, ಅದಕ್ಕಿಂತ ದೀರ್ಘವಾದ ಕೆಲಸ. ಇಟ್ಟಿಗೆಯ ಸಂದಿಯಲ್ಲಿ ಮೊಳೆತ ಅರಳಿಯ ಸಸಿಯನ್ನು ಮೊದಲ ಮಳೆಗೇ ಗುರುತಿಸಿದರೆ ಎರಡು ಬೆರಳು ಸಾಕು. ಮೂರು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ, ಆಮೇಲೆ ಕಿತ್ತರೂ ಕೇಡು, ಬಿಟ್ಟರೂ ಕೇಡು. ತೊಟ್ಟಿಗೆ ಬಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಎತ್ತುವುದು, ಚಿತ್ರ ತೆಗೆಸಿಕೊಳ್ಳಲು ಸ್ತೂಪವನ್ನೇರಿದ ಹುಡುಗರನ್ನು ಗದರದೆ ಇಳಿಸುವುದು, ಹೊಸ ಬಿರುಕನ್ನು ತಾರೀಖಿನೊಡನೆ ಬರೆದು ಇಲಾಖೆಗೆ ಕಳಿಸುವುದು: ಇಷ್ಟೇ. ಇದಕ್ಕೆ ಹಾರ-ತುರಾಯಿಗಳಿಲ್ಲ.

ಇದು ಸರ್ಕಾರದ ಹೊಣೆಯಲ್ಲವೇ ಎನ್ನುವವರಿದ್ದಾರೆ. ಹೌದು, ಸರ್ಕಾರದ್ದೇ. ಆದರೆ ಜನರ ಹೆಜ್ಜೆ ಬೀಳದ ಬೆಟ್ಟದ ಮೇಲೆ ಬೇರೆಯವರ ಕಣ್ಣು ಬೀಳುತ್ತದೆ. ಕಳೆದ ದಶಕದಲ್ಲಿ ತೊಟ್ಲಕೊಂಡದ ಭೂಮಿಯನ್ನು ಚಿತ್ರರಂಗದವರ ಸಾಂಸ್ಕೃತಿಕ ಕೇಂದ್ರಕ್ಕೆ ಕೊಡಲು ಪ್ರಭುತ್ವ ಹೊರಟಾಗ ಅದನ್ನು ಎದುರಿಸಿದವರು ಆ ಬೆಟ್ಟವನ್ನು ಬಲ್ಲ ನಾಗರಿಕರು, ಬೌದ್ಧರು. ನಮ್ಮ ಸಂಘಗಳ ದನಿ ಆಗ ಕೇಳಿಬಂದದ್ದು ನನಗೆ ನೆನಪಿಲ್ಲ.

ಇದು ಕನ್ನಡದ ಕೆಲಸವೇ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಅಮರಾವತಿಯ ಶಿಲ್ಪಗಳಿಗೆ ದಾಯಾದಿಗಳೆನ್ನಬಹುದಾದ ಫಲಕಗಳೊಡನೆ ಮಹಾಸ್ತೂಪವೇ ಹೊರಬಂದಿತು. ಆ ಫಲಕಗಳು ಎಷ್ಟೋ ವರ್ಷ ಬಿಸಿಲು-ಮಳೆಗೆ ಬಯಲಲ್ಲೇ ಬಿದ್ದಿದ್ದವು. ಸನ್ನತಿಯ ಭೀಮೆ ಕೃಷ್ಣೆಯನ್ನು ಕೂಡಿ ವಿಜಯವಾಡದ ಎದುರಿನ ಉಂಡವಲ್ಲಿ ಗುಹೆಗಳ ಬಳಿಯೇ ಹಾದುಹೋಗುತ್ತಾಳೆ. ನದಿಗೆ ತಿಳಿದದ್ದು ನಮ್ಮ ಸಂಘದ ನಿಯಮಾವಳಿಗೆ ತಿಳಿಯದಿದ್ದರೆ ಹೇಗೆ?

ಉಂಡವಲ್ಲಿ ಕೇಂದ್ರದ ಸುಪರ್ದಿನಲ್ಲಿದೆ. 1958ರ ಕಾಯ್ದೆಯ ಕಟ್ಟುಪಾಡುಗಳು ಬಿಗಿ. ಆದ್ದರಿಂದ ರಾಜ್ಯದ ರಕ್ಷಣೆಯಲ್ಲಿರುವ ತಾಣಗಳಿಂದ ಆರಂಭಿಸುವುದು ಸುಲಭ: ವಿಶಾಖಪಟ್ಟಣದವರು ತೊಟ್ಲಕೊಂಡಕ್ಕೆ, ವಿಜಯವಾಡದವರು ಕೊಂಡಪಲ್ಲಿ ಕೋಟೆಗೆ. ಮುಂಗಾರಿಗೆ ಮೊದಲೊಮ್ಮೆ, ಚಂಡಮಾರುತದ ದಿನಗಳು ಕಳೆದ ಮೇಲೊಮ್ಮೆ ಹೋಗಬೇಕು. ರಾಜ್ಯೋತ್ಸವದ ಶಾಮಿಯಾನದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಪೊರಕೆ, ಕೈಗವಸು, ಗೋಣಿಚೀಲಗಳಿಗೆ ಸಾಕು. ಮೊದಲು ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ತೆಲುಗಿನಲ್ಲಿಯೇ ಬರೆಯೋಣ.